ಹೆಬ್ಬೆರಳು ಕೇಳದ ತಾಲೀಮು

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ,

ಕುಸ್ತಿ ಕಲೀಬೇಕೋ ಕರಾಟೆ ಕಲೀಬೇಕೋ, ಯಾವ ವಸ್ತಾದನ ಹತ್ತಿರ ಹೋಗಬೇಕು, ಎಷ್ಟು ದಿನದಾಗ ಬರತೈತಿ ಅಂತ ಇಳಕಲ್ಲು, ಹುನಗುಂದ, ಬಾದಾಮಿ, ಬಾಗಲಕೋಟೆಯ ಹಾಸ್ಟೆಲುಗಳಲ್ಲಿ ಹುಡುಗರು ಕೇಳುತ್ತಾರೆ. ಹುಡುಗಿಯರೂ ಕೇಳುತ್ತಾರೆ, ದನಿ ಸಣ್ಣ ಮಾಡಿಕೊಂಡು. ಕೇಳಬೇಕಾದ ಪ್ರಶ್ನೆಯೇ. ಕೇರಿಯಲ್ಲಿ ಹುಟ್ಟಿದ ಮಗು ನಡೆಯೋದು ಕಲಿಯುವ ಹೊತ್ತಿಗೇ ಮೈ ಮುದುಡಿಕೊಳ್ಳೋದನ್ನೂ ಕಲಿಯುತ್ತದೆ. ಓಣಿಯಲ್ಲಿ ದೊಡ್ಡವರು ಬಂದರೆ ಗೋಡೆಗೆ ಸರಿ. ಕಟ್ಟೆಯ ಮುಂದೆ ಹಾಯುವಾಗ ತಲೆ ಬಗ್ಗಿಸು. ಹೋಟೆಲಿನ ಹೊರಗೆ ನಿಂತು ಕುಡಿ. ಈ ಪಾಠವನ್ನು ಯಾವ ಮಾಸ್ತರರೂ ಕಲಿಸಿದ್ದಲ್ಲ, ಊರೇ ಕಲಿಸಿದ್ದು. ಹೀಗೆ ಮುದುಡಿದ ಮೈಯನ್ನು ನೆಟ್ಟಗೆ ನಿಲ್ಲಿಸುವ ವಿದ್ಯೆ ಯಾವುದಿದ್ದರೂ ನಮಗೆ ಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಯಾವ ವಿದ್ಯೆ ಅನ್ನೋದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಕಲಿತ ಮೇಲೆ ಆ ತೋಳು ಯಾರ ಮಾತು ಕೇಳತೈತಿ? ಕಲಿತದ್ದನ್ನು ನೀವು ಯಾರಿಗೆ ಕಲಿಸ್ತೀರಿ? ಈ ಎರಡಕ್ಕೂ ಉತ್ತರ ಇಲ್ಲದ ತಾಲೀಮು ಬರೀ ಬೆವರು.

ಗುರು ಯಾರು, ಶಿಷ್ಯ ಯಾರು?

ನಮ್ಮ ದೇಶದಲ್ಲಿ ಕಲಿಸುವವನ ಹೆಸರು ದ್ರೋಣಾಚಾರ್ಯ. ಇದು ಬರೇ ಪುರಾಣದ ಮಾತಲ್ಲ, ಸರಕಾರದ ಮಾತು. ಆಟಗಾರರನ್ನು ತಯಾರು ಮಾಡಿದ ತರಬೇತುದಾರರಿಗೆ ಭಾರತ ಸರಕಾರ 1985ರಿಂದ ಕೊಡುತ್ತ ಬಂದದ್ದು ದ್ರೋಣಾಚಾರ್ಯ ಪ್ರಶಸ್ತಿ. ನಮ್ಮ ಕರ್ನಾಟಕ ಸರಕಾರ ಆಟಗಾರರಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ಹೆಬ್ಬೆರಳು ಕೇಳಿದವನಿಗೆ ದಿಲ್ಲಿಯಲ್ಲಿ ಮಾನ, ಕೊಯ್ದು ಕೊಟ್ಟವನಿಗೆ ಬೆಂಗಳೂರಿನಲ್ಲಿ ಮಾನ. ಇಬ್ಬರನ್ನೂ ಒಂದೇ ಹಾರದಲ್ಲಿ ಪೋಣಿಸಿದರೆ ಲೆಕ್ಕ ಚುಕ್ತಾ ಆಯಿತೇ? ಕುವೆಂಪು ಅವರು 1947ರಲ್ಲಿ ಈ ಕತೆಯನ್ನು ನಾಟಕ ಮಾಡಿ ‘ಬೆರಳ್‌ಗೆ ಕೊರಳ್’ ಅಂತ ಹೆಸರಿಟ್ಟರು. ಬೆರಳಿಗೆ ಬದಲು ಕೊರಳು. ಲೆಕ್ಕ ಬಾಕಿ ಐತಿ ಅಂತ ಆ ಹೆಸರೇ ಹೇಳುತ್ತದೆ.

ಏಕಲವ್ಯನ ಕತೆಯಲ್ಲಿ ನಾವು ಮರೆಯುವ ಮಾತೊಂದಿದೆ. ದ್ರೋಣ ಅವನಿಗೆ ಒಂದು ದಿನವೂ ಕಲಿಸಲಿಲ್ಲ. ಬಾಗಿಲಿನಿಂದಲೇ ಕಳಿಸಿದ. ಹುಡುಗ ಕಾಡಿನಲ್ಲಿ ಮಣ್ಣಿನ ಗೊಂಬೆ ಮುಂದಿಟ್ಟುಕೊಂಡು ತಾನೇ ಕಲಿತ. ಕಲಿಸದೇ ಇದ್ದ ಗುರು ಫೀ ಮಾತ್ರ ವಸೂಲಿ ಮಾಡಿದ, ಅದೂ ಬಾಣ ಬಿಡುವ ಬೆರಳನ್ನೇ. ಹುಡುಗ ‘ಕೊಡೂದಿಲ್ಲ’ ಅನ್ನಲಿಲ್ಲ. ಬಿಲ್ಲು ಹಿಡಿಯೋದು ಅವನಿಗೆ ಬಂತು, ‘ಇಲ್ಲ’ ಅನ್ನೋದು ಬರಲಿಲ್ಲ. ನಮ್ಮ ತಾಲೀಮಿನಲ್ಲಿ ಈ ಎರಡನೆಯದನ್ನೂ ಕಲಿಸಬೇಕು.

‘ನಿಮಗ ಬರೂದಿಲ್ಲ’ ಅನ್ನುವ ಸುಳ್ಳು

ನಮ್ಮವರಿಗೆ ಶೌರ್ಯದ ವಿದ್ಯೆ ಬರುವುದಿಲ್ಲ, ಅದು ಬೇರೆ ರಕ್ತದವರಿಗೆ ಬಂದದ್ದು ಅಂತ ಹೇಳುವವರು ಇದ್ದಾರೆ. ಪುಣೆಯ ಲಹೂಜಿ ಸಾಳ್ವೆಯವರ ಹೆಸರು ಕೇಳಿದ್ದೀರಾ? 1794ರಲ್ಲಿ ಹುಟ್ಟಿದರು, 1881ರಲ್ಲಿ ತೀರಿಕೊಂಡರು. ಜಾತಿಯಿಂದ ಮಾಂಗರು, ನಮ್ಮ ಕಡೆಯ ಮಾದಿಗರ ಹಾಗೆ. ಕುಸ್ತಿ, ಲಾಠಿ, ದಾಂಡಪಟ್ಟಾ ಕಲಿಸುವ ತಾಲೀಮು ನಡೆಸಿದರು. ಜನ ಅವರನ್ನು ಕರೆದದ್ದೇ ಲಹೂಜಿ ವಸ್ತಾದ ಅಂತ. ಅವರ ಕೈಕೆಳಗೆ ಸಾಮು ತೆಗೆದವರಲ್ಲಿ ಜೋತಿಬಾ ಫುಲೆ ಒಬ್ಬರು. ಫುಲೆ ದಂಪತಿ ಪುಣೆಯಲ್ಲಿ ಶಾಲೆ ತೆರೆದಾಗ ಕೇರಿಯ ಮಕ್ಕಳನ್ನು ಶಾಲೆಗೆ ಕಳಿಸಿ ಬೆನ್ನಿಗೆ ನಿಂತವರಲ್ಲೂ ಲಹೂಜಿ ಇದ್ದರು. ಅದೇ ಮನೆತನದ ಮುಕ್ತಾ ಸಾಳ್ವೆ ಎಂಬ ಹುಡುಗಿ ಫುಲೆಯವರ ಶಾಲೆಯಲ್ಲಿ ಓದಿ, 1855ರಲ್ಲಿ ಮಾಂಗ ಮಹಾರರ ದುಃಖದ ಮೇಲೆ ಪ್ರಬಂಧ ಬರೆದಳು. ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಒಂದೇ ಮನೆತನದಲ್ಲಿ ಪಟ್ಟಾ ಹಿಡಿದ ಕೈ, ಪೆನ್ನು ಹಿಡಿದ ಕೈ. ಆ ತಾಲೀಮಿಗೂ ಆ ಶಾಲೆಗೂ ನಡುವೆ ಗೋಡೆ ಇರಲಿಲ್ಲ.

ದೂರ ಹೋಗೋದು ಬ್ಯಾಡ. ನಮ್ಮ ಜಿಲ್ಲೆಯ ಮುಧೋಳ ತಾಲೂಕಿನ ಹಲಗಲಿಯನ್ನೇ ನೋಡಿರಿ. 1857ರಲ್ಲಿ ಕುಂಪಣಿ ಸರಕಾರ ‘ಆಯುಧ ಒಪ್ಪಿಸಿರಿ’ ಅಂದಿತು. ಹಲಗಲಿಯ ಬೇಡರು ‘ಕೊಡೂದಿಲ್ಲ’ ಅಂದರು. ಏಕಲವ್ಯನ ಬಾಯಲ್ಲಿ ಬರದ ಮಾತು ಇವರ ಬಾಯಲ್ಲಿ ಬಂತು. ಕುಂಪಣಿಯ ದಂಡು ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಲಾವಣಿಕಾರರು ಆ ಕತೆಯನ್ನು ಹಾಡುತ್ತಲೇ ಬಂದರು.

ಆಮೇಲೆ ಇಂಗ್ಲಿಷರು ‘ಯೋಧ ಜಾತಿ’ ಅಂತ ಒಂದು ಪಟ್ಟಿ ಮಾಡಿದರು. ಯಾವ ಜಾತಿ ಹುಟ್ಟಿನಿಂದಲೇ ಶೂರ, ಯಾವುದು ಅಲ್ಲ ಅಂತ ಕಾಗದದ ಮೇಲೆ ಬರೆದು, ತಲೆಮಾರುಗಳಿಂದ ಪಲ್ಟನ್ನಿನಲ್ಲಿ ದುಡಿದ ಮಹಾರರ ಭರತಿಯನ್ನು ನಿಲ್ಲಿಸಿದರು. 1818ರ ಜನವರಿ 1ರಂದು ಕೋರೆಗಾಂವಿನಲ್ಲಿ ಪೇಶ್ವೆಯ ದಂಡಿನ ಎದುರು ಇದೇ ಜನ ನಿಂತಿದ್ದರು, ಆಗ ಶೂರರು. ಕೆಲಸ ಮುಗಿದ ಮೇಲೆ ಶೂರರಲ್ಲ! ಬಾಬಾಸಾಹೇಬರ ತಂದೆ ಸುಭೇದಾರ ರಾಮಜಿಯವರು ಆ ಪಲ್ಟನ್ನಿನವರೇ. ಯುದ್ಧ ತಲೆಯ ಮೇಲೆ ಬಂದಾಗ, 1941ರ ಅಕ್ಟೋಬರಿನಲ್ಲಿ, ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ಎಲ್ಲಿ? ನಮ್ಮ ಬೆಳಗಾವಿಯಲ್ಲಿ. ಅಂದರೆ ಶೌರ್ಯ ರಕ್ತದಲ್ಲಿ ಇರೋದಿಲ್ಲ. ಭರತಿ ಬಾಗಿಲು ಯಾರ ಕೈಯಲ್ಲಿದೆ ಅನ್ನೋದರಲ್ಲಿ ಇರತೈತಿ.

ತೋಳು ಬೇಕು, ಕಪ್ಪು ಬೇಡ

ಬಾಗಿಲು ತೆರೆದರೆ ಸಾಕೇ? ಸಾಲದು. ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಗೊತ್ತು, ಹಲಗಿ ಇಲ್ಲದ ಕಣ ಕಣವೇ ಅಲ್ಲ. ಹಲಗಿಯ ಪೆಟ್ಟಿಗೆ ಪೈಲ್ವಾನನ ಮೈಯಲ್ಲಿ ಕಸುವು ಏರುತ್ತದೆ. ಆ ಹಲಗಿ ಹದ ಮಾಡಿದವರು ನಾವು, ಬೆಂಕಿಗೆ ಕಾಸಿದವರು ನಾವು, ಬಾರಿಸಿದವರು ನಾವು. ಕಣದ ಹೊರಗೆ ನಮ್ಮ ಕೈ ಬೇಕು. ಕಣದ ಒಳಗೆ ಬಂದರೆ ‘ಇವನ ಜೋಡಿ ಯಾರು?’ ಅನ್ನುವ ಪ್ರಶ್ನೆ ಬರುತ್ತದೆ.

ಈ ಪ್ರಶ್ನೆ ಯಾಕೆ ಬರುತ್ತದೆ ಅಂತ ವಿಚಾರ ಮಾಡಿರಿ. ಜಾತಿ ‘ಮುಟ್ಟಬೇಡ’ ಅನ್ನುತ್ತದೆ. ಕುಸ್ತಿ ಮುಟ್ಟದೇ ಆಡುವ ಆಟ ಅಲ್ಲ. ಕುತ್ತಿಗೆಗೆ ಕುತ್ತಿಗೆ, ಎದೆಗೆ ಎದೆ, ಒಬ್ಬನ ಬೆವರು ಇನ್ನೊಬ್ಬನ ಮೈಗೆ. ಬಾವಿ, ಗುಡಿ, ಹೋಟೆಲುಗಳಲ್ಲಿ ದೂರ ನಿಲ್ಲಿಸಬಹುದು, ಕಣದಲ್ಲಿ ದೂರ ನಿಲ್ಲಿಸಿ ಕುಸ್ತಿ ಆಡಿಸಲಿಕ್ಕೆ ಬರೂದಿಲ್ಲ. ಅದಕ್ಕೇ ಜಾತಿಗೆ ಈ ಮಣ್ಣಿನ ಅಂಜಿಕೆ. ನಮ್ಮ ಹುಡುಗ ಊರ ಹುಡುಗನ ಭುಜ ಹಿಡಿದ ಕ್ಷಣಕ್ಕೇ ಮನುವಿನ ಒಂದು ಪುಟ ಹರಿಯಿತು. ಗೆದ್ದರೋ ಸೋತರೋ ಆಮೇಲಿನ ಮಾತು.

ಆದರೆ ಹುಷಾರ್. ನಮ್ಮ ತೋಳನ್ನು ಬಳಸಿಕೊಂಡು ನಮ್ಮನ್ನು ಹೊರಗೇ ಇಡುವ ಜಾಣತನ ಹಳೆಯದು. ಧಾರವಾಡದಲ್ಲಿ ಹುಟ್ಟಿದ ಪಳವಣಕರ ಬಾಳೂ ಅವರ ಕತೆ ಕೇಳಿರಿ. ಚಮ್ಮಾರ ಜಾತಿ, ಎಡಗೈ ಸ್ಪಿನ್ ಬೌಲಿಂಗು. ಪುಣೆಯಲ್ಲಿ ಇಂಗ್ಲಿಷರನ್ನು ಸೋಲಿಸಲಿಕ್ಕೆ ಹಿಂದೂ ತಂಡಕ್ಕೆ ಅವರ ಕೈ ಬೇಕಾಯಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾ ಬಿಟ್ಟಾಗ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು, ಆದರೂ ಹಿಂದೂ ತಂಡ ಅವರನ್ನು ನಾಯಕ ಮಾಡಲಿಲ್ಲ. ಅವರ ತಮ್ಮ ವಿಠ್ಠಲ 1923ರಲ್ಲಿ ನಾಯಕನಾಗಬೇಕಾಯಿತು. ತೋಳು ಬೇಕು, ಕಪ್ಪು ಬೇಡ. ಈ ಲೆಕ್ಕ ಇವತ್ತು ಬೇರೆ ರೂಪದಲ್ಲಿ ಬರುತ್ತದೆ. ಚುನಾವಣೆ ಬಂದಾಗ, ಬಡ್ಡಿ ಸಾಹುಕಾರನ ವಸೂಲಿ ಬಂದಾಗ, ಮಸೀದಿ ಮುಂದೆ ಮೆರವಣಿಗೆ ಹೋಗುವಾಗ ಮೈ ಬೆಳೆಸಿದ ಹುಡುಗರು ಬೇಕಾಗುತ್ತಾರೆ. ‘ಬಾರೋ ಪೈಲ್ವಾನ’ ಅಂತ ಹೆಗಲ ಮೇಲೆ ಕೈ ಹಾಕುತ್ತಾರೆ. ಊಟ, ಪೆಟ್ರೋಲು, ಒಂದು ಟೀ ಶರ್ಟು. ಕೇಸು ಬಿದ್ದ ದಿನ ಎಫ್.ಐ.ಆರ್.ದಾಗ ಹೆಸರು ಯಾರದು? ಕೇರಿಯ ಹುಡುಗನದು. ಜಾಮೀನಿಗೆ ತಿರುಗುವವಳು ಯಾರು? ಅವನ ತಾಯಿ, ಕೂಲಿ ಬಿಟ್ಟು. ಡಿಗ್ರಿ ಅರ್ಧಕ್ಕೇ ನಿಂತಿತು, ನೌಕರಿಯ ಪೊಲೀಸ್ ವೆರಿಫಿಕೇಶನ್‌ನಲ್ಲಿ ಹೆಸರು ಸಿಕ್ಕಿಬಿತ್ತು. ಇದೇ ಇವತ್ತಿನ ಹೆಬ್ಬೆರಳು. ದ್ರೋಣ ಕತ್ತಿಯಿಂದ ಕೊಯ್ಸಿದ, ಇವರು ಶಹಬ್ಬಾಸ್ ಅಂದು ಕೊಯ್ಯುತ್ತಾರೆ.

ವಸ್ತಾದನನ್ನು ಹೇಗೆ ಆರಿಸಬೇಕು?

ಹಂಗಾದ್ರ ಊರ ತಾಲೀಮಿಗೆ ಹೋಗೋದೇ ಬ್ಯಾಡೇನು? ಹೋಗ್ರಿ. ವಿದ್ಯೆ ಎಲ್ಲಿದ್ದರೂ ಹೋಗಿ ತರಬೇಕು. ಕಣ್ಣು ತೆರೆದು ಹೋಗಬೇಕು, ಅಷ್ಟೇ. ಮೊದಲ ವಾರ ಇಷ್ಟು ನೋಡಿರಿ.

ಒಂದು, ನೀರಿನ ಕೊಡ ನೋಡು. ಎಲ್ಲರೂ ಒಂದೇ ಚರಗಿಯಲ್ಲಿ ಕುಡಿಯುತ್ತಾರೋ, ನಿನಗೆ ಮೇಲಿಂದ ಸುರಿಯುತ್ತಾರೋ? ಸುರಿದರೆ ಅದೇ ದಿನ ಹೊರಗೆ ಬಾ, ನಾಲ್ಕು ಜನರ ಮುಂದೆ ಕಾರಣ ಹೇಳಿ ಬಾ.

ಎರಡು, ಜೋಡಿ ನೋಡು. ತೂಕ ನೋಡಿ ಜೋಡಿ ಹಾಕುತ್ತಾನೋ, ಅಡ್ಡಹೆಸರು ಕೇಳಿ ಹಾಕುತ್ತಾನೋ? ಮಣ್ಣು ಕಡಿಯುವ ಕೆಲಸ, ಕಸ ಹೊಡೆಯುವ ಕೆಲಸ ಎಲ್ಲರ ಪಾಳಿಯಲ್ಲಿ ಬರುತ್ತದೋ, ನಿನ್ನ ಪಾಳಿಯಲ್ಲೇ ದಿನಾ ಬರುತ್ತದೋ?

ಮೂರು, ವೈರಿ ಯಾರು ಅಂತ ಪಟ್ಟಿಗಿಂತ ಮೊದಲು ಹೇಳಿಕೊಡುವ ವಸ್ತಾದನ ಹತ್ತಿರ ನಿಲ್ಲಬೇಡ. ವಸ್ತಾದ, ಪೈಲ್ವಾನ, ಕುಸ್ತಿ ಇವು ಪಾರ್ಸಿಯಿಂದ ಬಂದ ಮಾತು. ಹಿಂದೂ ಮುಸಲ್ಮಾನ ಇಬ್ಬರೂ ಒಂದೇ ಮಣ್ಣು ಮೈಗೆ ಹಚ್ಚಿಕೊಂಡು ಬೆಳೆಸಿದ ವಿದ್ಯೆ ಇದು. ಇದರಲ್ಲಿ ಧರ್ಮದ ಜಗಳ ಬಿತ್ತುವವನಿಗೆ ಕುಸ್ತಿಯ ಗಂಧವೇ ಇಲ್ಲ.

ನಾಲ್ಕು, ಫೀ ಎಷ್ಟು, ಪರೀಕ್ಷೆಗೆ ಎಷ್ಟು, ಬೆಲ್ಟಿಗೆ ಎಷ್ಟು ಅಂತ ಮೊದಲೇ ಕೇಳು. ಕರಾಟೆ ಕ್ಲಾಸುಗಳಲ್ಲಿ ಕೆಲವು ಬರೀ ಬೆಲ್ಟಿನ ಅಂಗಡಿ. ಸೊಂಟದ ಪಟ್ಟಿಗೆ ದರ್ಜೆ ಕಟ್ಟುವ ಪದ್ಧತಿ ಜೂಡೊದಿಂದ ಬಂತು. ಜೂಡೊ ಕಟ್ಟಿದ ಜಿಗೊರೊ ಕಾನೊ 1882ರಲ್ಲಿ ಜಪಾನಿನಲ್ಲಿ ಶಾಲೆ ತೆರೆದವರು, ವೃತ್ತಿಯಿಂದ ಮಾಸ್ತರರು. ಹಳದಿ, ಕಿತ್ತಳೆ, ಹಸಿರು ಬಣ್ಣಗಳು ಆಮೇಲೆ ಬಂದವು. ತಿಂಗಳಿಗೊಂದು ಬಣ್ಣ ಮಾರುವವನು ಹುಡುಗನ ತಂದೆಯ ಕಲ್ಲು ಒಡೆದ ಕೂಲಿಯನ್ನು ಜೇಬಿಗಿಳಿಸುತ್ತಾನೆ, ಅಷ್ಟೇ.

ಐದು, ಮೊದಲು ಬೀಳೋದು ಕಲಿಸುತ್ತಾನೋ ನೋಡು. ಜೂಡೊದಲ್ಲಿ ಮೊದಲ ಪಾಠ ಅದೇ. ತಲೆ ನೆಲಕ್ಕೆ ಬಡಿಯದ ಹಾಗೆ, ಗದ್ದ ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ ಬೀಳಬೇಕು. ಕೈ ಊರಿ ಬಿದ್ದರೆ ಮಣಿಕಟ್ಟು ಹೋಯಿತು. ಬೀಳೋದು ಕಲಿಸದೇ ಎತ್ತಿ ಒಗೆಯೋದು ಕಲಿಸುವವನು ಗುರುವಲ್ಲ.

ಮೈ ನಿನ್ನದು, ಜೋಪಾನ ಮಾಡು

ಇಳಕಲ್ಲಿನ ಹುಡುಗರಿಗೆ ಒಂದು ಮಾತು. ಕೆಂಪು ಗ್ರಾನೈಟ್ ಖಣಿಯಲ್ಲಿ ರಜೆಯಲ್ಲಿ ದುಡಿದು ಬಂದವರ ತೋಳು ಗಟ್ಟಿ ಇರುತ್ತದೆ, ಸೊಂಟ ಸೋತಿರುತ್ತದೆ. ಕುಣಿ ಮಗ್ಗದಲ್ಲಿ ಕೂತು ನೇದವರ ಭುಜ ಮುಂದಕ್ಕೆ ಬಾಗಿರುತ್ತದೆ. ಇಬ್ಬರಿಗೂ ಒಂದೇ ಸಾಮು ಹೊಂದುವುದಿಲ್ಲ. ಕಲ್ಲು ಎತ್ತಿದ ಹುಡುಗನಿಗೆ ಮತ್ತೆ ಸಂಗ್ರಾಣಿ ಕಲ್ಲು ಎತ್ತಿಸಬೇಡಿ. ಅವನಿಗೆ ಬಸ್ಕಿ, ಓಟ, ಮೈ ಸಡಿಲಿಸುವ ಸಾಮು ಮೊದಲು. ಮಗ್ಗದ ಹುಡುಗನಿಗೆ ಎದೆ ಬಿಚ್ಚುವ ಸಾಮು, ಹಗ್ಗ ಹತ್ತುವುದು. ಜಾತ್ರೆಯಲ್ಲಿ ಚಪ್ಪಾಳೆಗಾಗಿ ಚೀಲ ಎತ್ತಿ ಬೆನ್ನು ಮುರಿದುಕೊಂಡರೆ ಚಪ್ಪಾಳೆ ಹೊಡೆದವರು ಔಷಧಕ್ಕೆ ರೊಕ್ಕ ಕೊಡೂದಿಲ್ಲ.

ಊಟದ ಮಾತು. ಪೈಲ್ವಾನಕಿ ಅಂದರೆ ಬಾದಾಮಿ, ತುಪ್ಪ, ಕೊಡ ಹಾಲು ಅಂತ ಹೇಳಿ ಬಡವರನ್ನು ಹೆದರಿಸುತ್ತಾರೆ. ಬಾದಾಮಿ ತಾಲೂಕಿನಲ್ಲಿ ಹುಟ್ಟಿದವರಿಗೂ ಬಾದಾಮಿ ತಿನ್ನಲು ಸಿಗುವುದಿಲ್ಲ, ಬಿಡ್ರಿ. ಶೇಂಗಾ, ನೆನೆಸಿದ ಕಡಲೆ, ಮೊಳಕೆ ಬಂದ ಮಡಿಕೆ, ಹೆಸರು, ಜೋಳದ ರೊಟ್ಟಿ, ತತ್ತಿ, ನಮ್ಮ ಮನೆಗಳಲ್ಲಿ ಉಣ್ಣುವ ಮಾಂಸ, ಒಣಮೀನು ಇವೇ ಸಾಕಷ್ಟು ಕಸುವು ಕೊಡುತ್ತವೆ. ಮಾಂಸ ತಿಂದವನಿಗೆ ತಾಲೀಮಿನಲ್ಲಿ ಜಾಗ ಇಲ್ಲ ಅನ್ನುವವನಿಗೆ ಮೈಯ ಶಾಸ್ತ್ರ ಗೊತ್ತಿಲ್ಲ. ಹಾಸ್ಟೆಲಿನ ಊಟದ ಪಟ್ಟಿಯಲ್ಲಿ ಬರೆದ ತತ್ತಿ, ಕಾಳು ತಾಟಿಗೆ ಬರುತ್ತವೋ ಇಲ್ಲವೋ ಅಂತ ಕೇಳೋದೂ ತಾಲೀಮಿನ ಒಂದು ಪಟ್ಟು. ಜಿಮ್ಮಿನಲ್ಲಿ ಯಾರೋ ಕೊಟ್ಟ ಪುಡಿ, ಚುಚ್ಚಿದ ಇಂಜೆಕ್ಷನ್ ಮುಟ್ಟಬೇಡಿ. ತೂಕ ಇಳಿಸಲು ನೀರು ಬಿಡಬೇಡಿ, ನಮ್ಮ ಬೇಸಿಗೆಯಲ್ಲಿ ಅದು ಜೀವಕ್ಕೇ ಕುತ್ತು. ಉಗುರು ಕತ್ತರಿಸಿರಿ. ಲಂಗೋಟ, ಟವೆಲು ಒಬ್ಬರದು ಒಬ್ಬರು ಬಳಸಬೇಡಿ, ಗಜಕರ್ಣ ಹಾಸ್ಟೆಲಿಗೆಲ್ಲ ಹಬ್ಬುತ್ತದೆ. ತಲೆಗೆ ಪೆಟ್ಟು ಬಿದ್ದು ಕಣ್ಣು ಕತ್ತಲೆ ಬಂದರೆ ಅವತ್ತಿಗೆ ಆಟ ಬಂದ್, ದವಾಖಾನೆಗೆ ನಡಿ.

ಕುಡಿತದ ಮಾತನ್ನು ಇಳಕಲ್ಲಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಇಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ದುಡ್ಡು ಬೇಡಲಿಲ್ಲ, ಜನರ ಕೆಟ್ಟ ಚಟ ಬೇಡಿದರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತ ಬಂದಿದೆ. ಕೇರಿಯ ತೋಳಿನ ಕಸುವು ಸೆರೆ ಅಂಗಡಿಯಲ್ಲಿ ಎಷ್ಟು ಸೋರಿತು ಅನ್ನೋದು ನಮ್ಮ ತಾಯಂದಿರಿಗೆ ಗೊತ್ತು. ಮನೆಯಲ್ಲಿ ಹೆಂಡತಿ ಮೇಲೆ, ತಂಗಿ ಮೇಲೆ ಎತ್ತುವ ಕೈಗೆ ಯಾವ ವಸ್ತಾದನೂ ಪಟ್ಟು ಕಲಿಸಬಾರದು.

ಎಂದು ಹೊಡೆಯಬಾರದು?

ಎಲ್ಲರೂ ಹೊಡೆಯೋದು ಹ್ಯಾಂಗ ಅಂತ ಕೇಳುತ್ತಾರೆ. ಬಾಬಾಸಾಹೇಬರ ಹತ್ತಿರ ಇದಕ್ಕೆ ಉತ್ತರ ಇದೆ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯ ನೀರು ಮುಟ್ಟಿ ಬಂದ ನಮ್ಮ ಜನರ ಮೇಲೆ ಸವರ್ಣರು ಬಡಿಗೆ ತಂದು ಬಿದ್ದರು. ಬಂದವರಲ್ಲಿ ಪಲ್ಟನ್ನಿನಲ್ಲಿ ದುಡಿದು ಬಂದವರೂ ಇದ್ದರು. ತಿರುಗಿ ಬೀಳುವ ಕಸುವು ಅವರಿಗೆ ಇರಲಿಲ್ಲವೇ? ಇತ್ತು. ಬಾಬಾಸಾಹೇಬರು ತಡೆದರು. ಆಮೇಲೆ ಕೇಸು ನಡೆಸಿದರು, ಹೊಡೆದವರು ಜೈಲಿಗೆ ಹೋದರು. ಕೆರೆಯ ಖಟ್ಲೆ 1937ರ ತನಕ ನಡೆದು ಮುಂಬಯಿ ಹೈಕೋರ್ಟಿನಲ್ಲಿ ನಮ್ಮ ಕಡೆ ಆಯಿತು. ಅದೇ 1927ರಲ್ಲಿ ಅವರು ಸಮತಾ ಸೈನಿಕ ದಳವನ್ನೂ ಕಟ್ಟಿದರು. ತಡೆದುಕೊಳ್ಳುವುದು ಬೇರೆ, ಹೆದರಿಕೊಳ್ಳುವುದು ಬೇರೆ. ಕಸುವು ಇದ್ದವನು ತಡೆದುಕೊಂಡರೆ ಶಿಸ್ತು, ಕಸುವು ಇಲ್ಲದವನು ಸುಮ್ಮನಿದ್ದರೆ ಹೆದರಿಕೆ ಅಂತ ಲೋಕ ತಿಳಿಯುತ್ತದೆ. ಅದಕ್ಕೇ ಮೊದಲು ಕಸುವು, ಆಮೇಲೆ ಶಿಸ್ತು.

ಕಾನೂನೂ ಒಂದು ಪಟ್ಟು, ಬಾಯಿಪಾಠ ಮಾಡಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಕಲಮುಗಳು ತನ್ನ ಮೈ, ಇನ್ನೊಬ್ಬರ ಮೈ, ಆಸ್ತಿ ಕಾಪಾಡಿಕೊಳ್ಳುವ ಹಕ್ಕನ್ನು ಹೇಳುತ್ತವೆ. ಹಕ್ಕಿಗೆ ಗಡಿಯೂ ಇದೆ. ಕಾಪಾಡಿಕೊಳ್ಳಲು ಎಷ್ಟು ಬೇಕೋ ಅಷ್ಟೇ. ಬಿದ್ದವನನ್ನು ಮತ್ತೆ ಒದ್ದರೆ, ಓಡುವವನನ್ನು ಬೆನ್ನಟ್ಟಿ ಹೊಡೆದರೆ ಅದು ಆತ್ಮರಕ್ಷಣೆ ಅಲ್ಲ, ಕೇಸು ನಿನ್ನ ಮೇಲೆ. ಪಟ್ಟು ಬಿಡಿಸಿಕೊಳ್ಳೋದು, ದಾರಿ ಮಾಡಿಕೊಳ್ಳೋದು, ಕೂಗೋದು, ಹೊರಗೆ ಬರೋದು ಇದೇ ನಿಜವಾದ ಗೆಲುವು. ಹೊರಗೆ ಬಂದ ಮೇಲೆ ಸರಕಾರಿ ದವಾಖಾನೆಯಲ್ಲಿ ಗಾಯ ಬರೆಸಿರಿ, ಪೊಲೀಸ್ ಠಾಣೆಯಲ್ಲಿ 1989ರ ದೌರ್ಜನ್ಯ ತಡೆ ಕಾಯಿದೆಯ ಹೆಸರು ಹೇಳಿ ಫಿರ್ಯಾದಿ ಬರೆಸಿರಿ, ಪ್ರತಿ ಇಸಕೊಳ್ಳಿರಿ.

ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿಯನ್ನು ನೋಡಿರಿ. 2014ರ ಆಗಸ್ಟಿನಲ್ಲಿ ಅಲ್ಲಿ ನಮ್ಮವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಸಾಕ್ಷಿದಾರರು ಹತ್ತು ವರ್ಷ ಕೋರ್ಟಿಗೆ ತಿರುಗಿದರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹೋಯಿತು, ಜಾಮೀನೂ ಆಯಿತು. ಹೋರಾಟ ಅಲ್ಲಿಗೇ ಮುಗಿಯುವುದಿಲ್ಲ. ಆದರೂ ಹತ್ತು ವರ್ಷ ಅಂಜದೇ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿದ ಆ ಹೆಣ್ಣುಮಕ್ಕಳು, ಗಂಡಸರು ಯಾವ ಪೈಲ್ವಾನನಿಗೆ ಕಡಿಮೆ? ಉಸಿರು ಹಿಡಿದು ಬಹಳ ಹೊತ್ತು ನಿಲ್ಲೋದೇ ಕುಸ್ತಿಯಲ್ಲೂ ದೊಡ್ಡ ಪಟ್ಟು.

ಕಲಿತವನು ಕಲಿಸಬೇಕು

ಈಗ ಎರಡನೆಯ ಪ್ರಶ್ನೆ. ‘ತಾಲೀಮು’ ಅನ್ನೋದು ಅರಬ್ಬಿ ಮಾತು. ಅದರ ಅರ್ಥ ಕಲಿಸುವುದು. ಕಲಿಸದ ತಾಲೀಮು ತಾಲೀಮೇ ಅಲ್ಲ ಅಂತ ಮಾತೇ ಹೇಳುತ್ತದೆ.

ಬ್ರೆಜಿಲ್ ದೇಶದ ಕರಿಯರ ಕತೆ ಕೇಳಿರಿ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಅಲ್ಲಿ ಕಪೊಯೆರಾ ಎಂಬ ವಿದ್ಯೆ ಕಟ್ಟಿದರು. ಒಂದು ತಂತಿಯ ವಾದ್ಯ, ಹಾಡು, ಚಪ್ಪಾಳೆ. ನೋಡುವವರಿಗೆ ಕುಣಿತ, ಒಳಗೆ ಒದೆತ. ನಮ್ಮ ಹಲಗಿಯ ಹಾಗೆ ವಾದ್ಯವೇ ಆಟ ಆಡಿಸುತ್ತದೆ. ಗುಲಾಮಗಿರಿ 1888ರಲ್ಲಿ ತೆಗೆದರು. 1890ರ ಕಾನೂನು ಕಪೊಯೆರಾ ಆಡೋದೇ ಅಪರಾಧ ಅಂದಿತು. ವಿದ್ಯೆ ಸಾಯಲಿಲ್ಲ, ಯಾಕಂದ್ರ ಕಲಿತವರು ಕದ್ದು ಮುಚ್ಚಿಯಾದರೂ ಕಲಿಸಿದರು. 1930ರ ದಶಕದಲ್ಲಿ ಬಿಂಬಾ ಎಂಬ ಗುರು ಬಹಿರಂಗವಾಗಿ ಶಾಲೆ ನಡೆಸಿದ. 2014ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆ ಅಂತ ಪಟ್ಟಿಗೆ ಸೇರಿಸಿತು. ಅಲ್ಲಿ ಗುರುವಿಗೆ ‘ಮೆಸ್ತ್ರೆ’ ಅನ್ನುತ್ತಾರೆ. ನಮ್ಮ ಗೌಂಡಿ ಮೇಸ್ತ್ರಿಯ ಹೆಸರೂ ಅದೇ ಪೋರ್ತುಗೀಜ ಮಾತಿನಿಂದ ಬಂದದ್ದು. ಅಂದರೆ ಗುರು ಅಂದರೆ ಪಾದ ಪೂಜೆಯ ಗುರು ಅಲ್ಲ. ಕೈ ಹಿಡಿದು ಕೆಲಸ ಕಲಿಸುವ ಮೇಸ್ತ್ರಿ.

ಇಳಕಲ್ಲ ಸೀರೆ ನೋಡಿದ್ದೀರಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆ ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಆ ಕೊಂಡಿ ಇಲ್ಲದಿದ್ದರೆ ಅದು ಇಳಕಲ್ಲ ಸೀರೆಯೇ ಅಲ್ಲ. ಒಬ್ಬ ಪಿ.ಯು. ಹುಡುಗ ಕಲಿತು ಹೋದ, ಅವನ ಹಿಂದೆ ಎಂಟನೇ ಇಯತ್ತೆಯ ಹುಡುಗನಿಗೆ ಕೊಂಡಿ ಹಾಕಲಿಲ್ಲ ಅಂದರೆ ನೇಯ್ಗೆ ಅಲ್ಲಿಗೇ ಹರಿಯಿತು.

ಹಾಸ್ಟೆಲಿನಲ್ಲಿ ತಾಲೀಮು ಯಾಕೆ ಅನ್ನುವವರಿಗೆ ಕೊಲ್ಲಾಪುರ ತೋರಿಸಿರಿ. ಶಾಹೂ ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ನೂರಕ್ಕೆ 50 ಮೀಸಲು ಇಟ್ಟರು. ಓದುವ ಮಕ್ಕಳಿಗೆ, ಅಸ್ಪೃಶ್ಯರ ಮಕ್ಕಳಿಗೂ, ಹಾಸ್ಟೆಲು ತೆರೆಸಿದರು. ಖಾಸಬಾಗ ಕುಸ್ತಿ ಮೈದಾನ ಕಟ್ಟಿಸಿದವರೂ ಅವರೇ. 1920ರ ಮಾಣಗಾಂವ ಸಭೆಯಲ್ಲಿ ಬಾಬಾಸಾಹೇಬರನ್ನು ನಿಮ್ಮ ನಾಯಕ ಅಂತ ಜನರಿಗೆ ತೋರಿಸಿದವರೂ ಅವರೇ. ಪುಸ್ತಕ, ಅನ್ನ, ಕಣ ಮೂರೂ ಒಂದೇ ಕೆಲಸ ಅಂತ ಆ ರಾಜನಿಗೆ ತಿಳಿದಿತ್ತು.

ಹಾಗಾದರೆ ಏನು ಮಾಡೋಣ? ದೊಡ್ಡ ಕಟ್ಟಡ ಬೇಡ. ಹಾಸ್ಟೆಲಿನ ಹಿಂದಿನ ಬಯಲು ಸಾಕು. ಕಲ್ಲು ಆರಿಸಿ, ಮೊಣಕೈ ಆಳ ಅಗೆದು, ಕೆಮ್ಮಣ್ಣು ಜರಡಿ ಹಿಡಿದು ಹಾಕಿರಿ. ಬೆಳಿಗ್ಗೆ ಒಂದು ತಾಸು. ಇಷ್ಟು ಕಟ್ಟುಪಾಡು ಗೋಡೆಗೆ ಬರೆಯಿರಿ:

(1) ಫೀ ಇಲ್ಲ. ಗುರುದಕ್ಷಿಣೆ ಅಂದರೆ ಇನ್ನಿಬ್ಬರಿಗೆ ಕಲಿಸುವುದು.
(2) ಕಾಲು ಮುಟ್ಟುವುದಿಲ್ಲ, ಕೈ ಕೊಡುತ್ತೇವೆ. ಕಲಿಸುವವರ ತಪ್ಪನ್ನು ಕಲಿಯುವವರು ಕೇಳಬಹುದು.
(3) ಹೊಲೆಯ, ಮಾದಿಗ, ಬೇಡ, ಲಂಬಾಣಿ, ವಡ್ಡ, ಮುಸಲ್ಮಾನ, ಲಿಂಗಾಯತ ಯಾರು ಬಂದರೂ ಒಂದೇ ಮಣ್ಣು, ಒಂದೇ ಚರಗಿ. ನಮ್ಮೊಳಗೇ ಎಡಗೈ ಬಲಗೈ ಅಂತ ಜೋಡಿ ತಪ್ಪಿಸಿದವನು ಮೊದಲ ಅಪರಾಧಿ.
(4) ಹಾಸ್ಟೆಲಿನ ಸಣ್ಣ ಹುಡುಗರ ಮೇಲೆ ಪಟ್ಟು ತೋರಿಸಿದವನು ಹೊರಗೆ.
(5) ಯಾವ ಪಾರ್ಟಿ, ಯಾವ ಸಾಹುಕಾರ, ಯಾವ ಸೇನೆಗೂ ತೋಳು ಬಾಡಿಗೆಗೆ ಇಲ್ಲ.
(6) ಪರೀಕ್ಷೆಯಲ್ಲಿ ನಪಾಸಾದವನಿಗೆ ಕಣಕ್ಕಿಂತ ಮೊದಲು ಪುಸ್ತಕ. ಪಾಸಾದವನು ಅವನಿಗೆ ಹೇಳಿಕೊಡಬೇಕು.

ತಂಗಿಯರಿಗೆ

ಕೊನೆಗೆ ಹೇಳಿದೆ ಅಂತ ಕೊನೆಯವರಲ್ಲ ನೀವು. ಚಿತ್ರದುರ್ಗದ ಓಬವ್ವ ಯಾವ ಗರಡಿಯಲ್ಲಿ ಕಲಿತಿದ್ದಳು? ಛಲವಾದಿ ಮನೆತನದ ಹೆಣ್ಣುಮಗಳು, ಕೋಟೆ ಕಾಯುವವನ ಹೆಂಡತಿ. ಕಿಂಡಿಯಲ್ಲಿ ನುಸುಳಿದ ಹೈದರನ ಸೈನಿಕರಿಗೆ ಕೈಗೆ ಸಿಕ್ಕ ಒನಕೆಯೇ ಉತ್ತರ. ದಿನಾ ಭತ್ತ ಕುಟ್ಟಿದ ತೋಳು ಅದು. ಹೆಣ್ಣುಮಕ್ಕಳ ತೋಳಿಗೆ ಕಸುವು ಹೊಸದಾಗಿ ತರಬೇಕಾಗಿಲ್ಲ. ಬೀಸಿ, ಕುಟ್ಟಿ, ನೀರು ಹೊತ್ತು, ನೇದು ಬಂದದ್ದಿದೆ. ‘ಸುಮ್ಮನಿರು’ ಅನ್ನುವ ಮಾತನ್ನು ಕಿತ್ತು ಹಾಕಬೇಕಾಗಿದೆ. ಸರಕಾರವೂ ಓಬವ್ವನ ಹೆಸರಿನಲ್ಲಿ ಹಾಸ್ಟೆಲು, ವಸತಿ ಶಾಲೆಗಳ ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ ತಂದಿತು. ನಿಮ್ಮ ಹಾಸ್ಟೆಲಿನಲ್ಲಿ ಅದು ನಡೆಯಿತೋ, ಬರೀ ಫೋಟೋ ತೆಗೆದು ಮುಗಿಸಿದರೋ? ವಾರ್ಡನ್ನರನ್ನು ಕೇಳಿರಿ, ಬರೆದು ಕೇಳಿರಿ.

ಮುಟ್ಟಿನ ದಿನ ಆಡಬೇಕೋ ಬೇಡವೋ ನೀವೇ ನಿರ್ಧರಿಸಿರಿ, ಕಣ ಮೈಲಿಗೆ ಆಗುವುದಿಲ್ಲ. ಕಲಿಸುವವನು ಗಂಡಸಾದರೆ ಬಯಲಲ್ಲಿ, ಎಲ್ಲರ ಮುಂದೆ, ಇನ್ನೊಬ್ಬ ಹೆಣ್ಣುಮಗಳು ಹಾಜರಿದ್ದಾಗ ಮಾತ್ರ. ಬೇಡವಾದ ಕಡೆ ಕೈ ಬಿದ್ದರೆ ಗುರು ಅಂತ ನಾಚಬೇಡಿ, ಮೊದಲ ಪಟ್ಟು ಅವನ ಮೇಲೆಯೇ. ಮೊದಲು ಕಲಿಯಬೇಕಾದದ್ದು ಮೂರು: ಹೊಟ್ಟೆಯಿಂದ ದನಿ ತೆಗೆದು ಕೂಗುವುದು, ಹಿಡಿದ ಮಣಿಕಟ್ಟನ್ನು ಹೆಬ್ಬೆರಳಿನ ಕಡೆಯಿಂದ ಬಿಡಿಸಿಕೊಳ್ಳುವುದು, ಓಡುವುದು.

ಹೌದು, ಹೆಬ್ಬೆರಳಿನ ಕಡೆಯಿಂದ. ಯಾರ ಹಿಡಿತವೇ ಇರಲಿ, ಅದು ಸಡಿಲ ಆಗುವ ಜಾಗ ಹೆಬ್ಬೆರಳು ಮತ್ತು ಬೆರಳುಗಳ ನಡುವಿನ ಸಂದಿ. ಹಿಡಿತ ನಿಲ್ಲೋದು ಹೆಬ್ಬೆರಳಿನ ಮೇಲೆ ಅಂತ ದ್ರೋಣನಿಗೂ ಗೊತ್ತಿತ್ತು, ಅದಕ್ಕೇ ಅದನ್ನೇ ಕೇಳಿದ. ಈಗ ನಮಗೂ ಗೊತ್ತಾಗಿದೆ.

ಕಲಿಯಿರಿ. ಕಲಿತ ಮರುದಿನವೇ ಇನ್ನೊಬ್ಬರಿಗೆ ಕಲಿಸಿರಿ. ಹೆಬ್ಬೆರಳು ಯಾರಿಗೂ ಕೊಡಬೇಡಿ, ಯಾರಿಂದಲೂ ಕೇಳಬೇಡಿ.

ಜೈ ಭೀಮ್.